ಕೂಲಿ ಎಂದು ಬರೆಸಬೇಡಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



'ನಮ್ಮ ಊರು, ನಮ್ಮ ದುಡಿಮೆ' ಎಂಬ ವಿಷಯದ ಮೇಲೆ ನಾಲ್ಕು ಮಾತನಾಡಲು ಹೇಳಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ, ಇತರ ಶಿಕ್ಷಕರಂತೆ ನಾನೂ ಮೊಬೈಲ್ ಹಿಡಿದು ಮದ್ದೂರಿನಲ್ಲಿ ಮನೆಮನೆಗೆ ಹೋದೆ. ಆಗ ಕಂಡದ್ದನ್ನೇ ಹೇಳುತ್ತೇನೆ.

2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಇದರಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು ನಾಲ್ಕು ಜನ. ಕನ್ನಂಬಾಡಿ ಕಟ್ಟೆಯ ನೀರು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಇವೆರಡರಿಂದ ಕಬ್ಬಿನ ಸೀಮೆ ಬೆಳೆಯಿತು. ಹೊಲವಿಲ್ಲದ ನಮ್ಮಂಥ ಅನೇಕರಿಗೆ ಪೇಟೆಯೇ ಹೊಲವಾಯಿತು.

ನಾನು ಹೋದ ಒಂದೇ ಬೀದಿಯಲ್ಲಿ ಗ್ಯಾರೇಜಿನವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಎಳನೀರು ಮಾರುಕಟ್ಟೆಯಲ್ಲಿ ಲೋಡ್ ಮಾಡುವವರು ಇದ್ದರು. ಆಲೆಮನೆಗಳಿಗೆ ಉತ್ತರ ಪ್ರದೇಶದಿಂದಲೂ ಕೆಲಸಗಾರರು ಬರುತ್ತಾರೆ. ಒಂದು ಲೋಡ್ ಎಳನೀರು ದೆಹಲಿಗೋ ಮುಂಬೈಗೋ ಹೋಗಬೇಕಾದರೆ ಬೆಳೆದ ಗೌಡರು, ಕಿತ್ತವರು, ಹೊತ್ತವರು, ಲಾರಿಯವರು, ಲಾರಿ ರಿಪೇರಿಯವರು ಎಲ್ಲರೂ ಬೇಕು. ಸಮೀಕ್ಷೆಗೆ ಎರಡು ವಾರ ಮುಂಚೆ ಗಣೇಶ ವಿಸರ್ಜನೆಯ ವೇಳೆ ಮದ್ದೂರಿನಲ್ಲಿ ಗಲಭೆಯಾಗಿ ಊರು ಬಂದ್ ಆಯಿತು. ಅಂದಂದಿನ ದುಡಿಮೆಯಲ್ಲಿ ಅಂದಂದಿನ ಅಕ್ಕಿ ತರುವ ಮನೆಗಳಿಗೆ, ಅವರು ಯಾರೇ ಆಗಿರಲಿ, ನಷ್ಟ ಒಂದೇ.

ಒಂದು ಮನೆಯಲ್ಲಿ ಯಜಮಾನರ ಉದ್ಯೋಗ ಕೇಳಿದೆ. ಕೈ ತುಂಬ ಗ್ರೀಸ್. "ಕೂಲಿ ಅಂತ ಬರ್ಕೊಳ್ಳಿ ಸಾರ್" ಎಂದರು. ಪಕ್ಕದಲ್ಲಿದ್ದ ಮಗಳು, "ಅಬ್ಬಾ, ಕೂಲಿ ಅಲ್ಲ, ಮೆಕ್ಯಾನಿಕ್" ಎಂದಳು. ಇಪ್ಪತ್ತು ವರ್ಷ ಲಾರಿ ಇಂಜಿನ್ ಬಿಚ್ಚಿ ಕಟ್ಟಿದವರು ತಮ್ಮನ್ನು ಕೂಲಿ ಎಂದುಕೊಂಡಿದ್ದರು! ಆ ಮಗು ಉರ್ದು ಶಾಲೆಯಲ್ಲಿ ಏಳನೇ ತರಗತಿ. ಮುಂದೇನಮ್ಮ ಎಂದೆ. "ಹೈಸ್ಕೂಲು ಕನ್ನಡ ಮೀಡಿಯಂ ಸಾರ್, ಭಯ ಆಗ್ತದೆ" ಎಂದಳು. ತಂದೆ ಏನೂ ಹೇಳಲಿಲ್ಲ.

ಬಂಧುಗಳೇ, ಆ ಮೌನವೇ ನನ್ನ ಚಿಂತೆ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದಲ್ಲಿ ದುಡಿಯುವ ಮುಸ್ಲಿಮರಲ್ಲಿ ನೂರಕ್ಕೆ ಸುಮಾರು 61 ಜನ ಸ್ವಂತ ಕಸುಬಿನವರು. ಕಸುಬು ಕೈಯಲ್ಲಿದೆ, ಆದರೆ ಕಾಗದದಲ್ಲಿಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ವಾಹನಗಳು ಮದ್ದೂರಿನ ಮೇಲ್ಸೇತುವೆ ಹತ್ತಿ ಮುಂದಕ್ಕೆ ಹೋದವು. ಹಳೆಯ ರಸ್ತೆ ಬದಿಯ ಹೋಟೆಲು, ಪಂಕ್ಚರ್ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ಹೀಗೆ ರಸ್ತೆ ಬದಲಾದಾಗ, ಓದು ಇದ್ದವನಿಗೆ ಬೇರೆ ದಾರಿ ಸಿಗುತ್ತದೆ. ಐಟಿಐ ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್ ಕಾರ್ಖಾನೆಗೆ ಅರ್ಜಿ ಹಾಕಬಹುದು. ಇಲ್ಲದವನು ಅದೇ ಅಂಗಡಿಯ ಮುಂದೆ ಕುಳಿತಿರಬೇಕು.

ಆದ್ದರಿಂದ ನನ್ನ ವಿನಂತಿ ಎರಡೇ. 2027ರ ಜನಗಣತಿಯವರು ಬಂದು ಉದ್ಯೋಗ ಕೇಳಿದಾಗ ವೆಲ್ಡರ್, ಟೈಲರ್, ಮೆಕ್ಯಾನಿಕ್ ಎಂದು ನಿಮ್ಮ ಕಸುಬಿನ ಹೆಸರನ್ನೇ ಹೇಳಿ. ಎರಡನೆಯದು, ಏಳನೇ ತರಗತಿ ಮುಗಿದ ಮಗುವನ್ನು, ಮುಖ್ಯವಾಗಿ ಹೆಣ್ಣುಮಗುವನ್ನು, ಮನೆಯಲ್ಲಿ ಕೂರಿಸಬೇಡಿ. ಉರ್ದು ನಮ್ಮ ಮನೆಮಾತು, ಅದನ್ನು ಬಿಡುವುದು ಬೇಡ. ಕನ್ನಡ ನಮ್ಮ ಸಂತೆಯ, ಕಚೇರಿಯ, ನೆರೆಮನೆಯ ಮಾತು, ಅದಕ್ಕೆ ಹೆದರುವುದೂ ಬೇಡ. ಎರಡನ್ನೂ ಕಲಿಸುವವನಾಗಿ ಹೇಳುತ್ತೇನೆ: ಬೇಸಿಗೆ ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಕನ್ನಡ ಓದಿಸಿದರೆ ಎಂಟನೇ ತರಗತಿಯ ಭಯ ಬಹಳ ಕಡಿಮೆಯಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಸಂಘವು ಇಂಥ ತರಗತಿ ನಡೆಸುವುದಾದರೆ ಮದ್ದೂರಿನದನ್ನು ನಾನೇ ಉಚಿತವಾಗಿ ತೆಗೆದುಕೊಳ್ಳುತ್ತೇನೆ. ಮೊದಲ ಹೆಸರು ಆ ಮೆಕ್ಯಾನಿಕ್ ಅವರ ಮಗಳದು.