ಕ್ಲೌಡ್ ಓದಿನಲ್ಲಿ ಬೀಗ ಯಾರದು?
(ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಬಿ.ಸಿ.ಎ. ಮತ್ತು ಇಂಜಿನಿಯರಿಂಗ್ ಓದುವ ಮಕ್ಕಳ ಅರ್ಜಿಗಳಲ್ಲಿ ಈಚೆಗೆ ನಾವು ಪದೇ ಪದೇ ನೋಡುವ ಮಾತು ‘ಕ್ಲೌಡ್ ಕಂಪ್ಯೂಟಿಂಗ್’. ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ: ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ, ಬೆಳಿಗ್ಗೆ ವಿಚಾರಿಸಿದರೆ ‘ಇನ್ನೂ ಕನೆಕ್ಟ್ ಆಗಿಲ್ಲ’ ಎನ್ನುತ್ತಾನೆ, ಇದು ಎಂಥ ಓದು? ನ್ಯಾಯವಾದ ಪ್ರಶ್ನೆ. ಹಣ ಕೊಟ್ಟ ದಾನಿಗಳಿಗೂ ಇದರ ಉತ್ತರ ಸಲ್ಲಬೇಕು.

ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಬಳಸಿದಷ್ಟು ಹೊತ್ತಿಗೆ ಬಾಡಿಗೆ ಕೊಟ್ಟು ಬಳಸುವುದು, ಅಷ್ಟೆ. ಅಮೆಜಾನ್ 2006ರಲ್ಲಿ ಈ ಸೇವೆಯನ್ನು ಮಾರುಕಟ್ಟೆಗೆ ತಂದಿತು. 2016ರಲ್ಲಿ ಮುಂಬೈಯಲ್ಲೂ ತೆರೆಯಿತು. ಬಾಡಿಗೆ ಮನೆಯ ಹಾಗೆಯೇ ಇದು. ಗೋಡೆ, ಗೇಟು, ಕರೆಂಟು ಮಾಲೀಕರ ಹೊಣೆ. ಒಳಬಾಗಿಲಿಗೆ ಬೀಗ ಹಾಕುವುದು, ಕೀಲಿಕೈ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಬಾಡಿಗೆದಾರರ ಹೊಣೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಲ್ಲಿನ ಸುಮಾರು 10 ಕೋಟಿ ಜನರ ಮತ್ತು ಕೆನಡಾದ 60 ಲಕ್ಷ ಜನರ ಮಾಹಿತಿ ಕಳುವಾಯಿತು. ಕಾವಲಿಗಿಟ್ಟ ಫೈರ್‌ವಾಲ್‌ನ ಹೊಂದಾಣಿಕೆ ಸರಿಯಿರಲಿಲ್ಲ. ಅದಕ್ಕೆ ಕೊಟ್ಟಿದ್ದ ಅಧಿಕಾರವೂ ಅಗತ್ಯಕ್ಕಿಂತ ಹೆಚ್ಚಿತ್ತು. ಮರುವರ್ಷ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು.

ಇನ್ನು ಆ ‘ಕನೆಕ್ಟ್ ಆಗಿಲ್ಲ’ದ ವಿಚಾರ. ಓದು ನಿಜವಾಗಿ ನಡೆಯುವುದೇ ಅಲ್ಲಿ. ದೂರದ ಯಂತ್ರಕ್ಕೆ ಹೋಗಲು ಮಗು ಆದೇಶ ಕೊಡುತ್ತದೆ. ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಬಾಗಿಲವರೆಗೆ ಹೋದದ್ದಾಯಿತು, ಕೀಲಿಯೋ ಹೆಸರೋ ತಪ್ಪು. ಎಷ್ಟೋ ಸಲ ‘ಉಬುಂಟು’ ಎಂದು ಬರೆಯಬೇಕಾದಲ್ಲಿ ‘ಇಸಿ2-ಯೂಸರ್’ ಎಂದು ಬರೆದಿರುತ್ತಾರೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಯಂತ್ರ ಎಚ್ಚರವಾಗಿದೆ, ಆ ಬಾಗಿಲಲ್ಲಿ ಓಗೊಡುವ ಪ್ರೋಗ್ರಾಂ ಓಡುತ್ತಿಲ್ಲ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಇಲ್ಲ. ಹೆಚ್ಚಾಗಿ ಸೆಕ್ಯುರಿಟಿ ಗ್ರೂಪ್ ಎಂಬ ಕಾವಲು ನಮ್ಮನ್ನು ಸದ್ದಿಲ್ಲದೆ ತಡೆದಿರುತ್ತದೆ. ಆಗ ಸುಲಭದ ದಾರಿಯೊಂದು ಕಣ್ಣಿಗೆ ಬೀಳುತ್ತದೆ: 22ನೇ ಪೋರ್ಟನ್ನು 0.0.0.0/0ಗೆ, ಅಂದರೆ ಇಡೀ ಜಗತ್ತಿಗೆ, ತೆರೆದುಬಿಡುವುದು. ತಕ್ಷಣ ಕನೆಕ್ಟ್ ಆಗುತ್ತದೆ, ಅಂಕವೂ ಸಿಗಬಹುದು. ಆದರೆ ಕೆಟ್ಟದ್ದನ್ನು ಬೀಗ ಕಿತ್ತು ಸರಿಮಾಡಿದವರನ್ನು ನಾಳೆ ಯಾವ ಆಸ್ಪತ್ರೆಯ ದಾಖಲೆಗಳ ಬಳಿ ಬಿಡೋಣ? ತನ್ನ ಒಂದೇ ವಿಳಾಸಕ್ಕೆ ಬಾಗಿಲು ತೆರೆದು, ಉಳಿದದ್ದನ್ನು ಮುಚ್ಚಿಟ್ಟೇ ದೋಷ ಹುಡುಕಲು ಇನ್ನೆರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆಗೇ ನಾವು ಹಣ ಕೊಡುತ್ತಿರುವುದು. ಸರ್ಟಿಫಿಕೇಟುಗಳ ಬಗ್ಗೆ ನಮಗೆ ಅಷ್ಟು ಮೋಹವಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಉಚಿತ ಖಾತೆ ಎಂದು ಹೇಳಿ ಮಕ್ಕಳು ನಿಮ್ಮ ಕಾರ್ಡ್ ಕೇಳಬಹುದು. ಮೊದಲು ಕಾಲೇಜಿನ ಲ್ಯಾಬ್ ಖಾತೆ ಇದೆಯೇ ಎಂದು ವಿಚಾರಿಸಿ. ಯಂತ್ರವನ್ನು ‘ಸ್ಟಾಪ್’ ಮಾಡಿದರೂ ಅದರ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ, ಅಳಿಸಬೇಕು. ಬಜೆಟ್ ಎಚ್ಚರಿಕೆ ಇಮೇಲ್ ಕಳಿಸುತ್ತದೆಯೇ ಹೊರತು ತಾನಾಗಿ ಖರ್ಚನ್ನು ತಡೆಯುವುದಿಲ್ಲ. ವಿದ್ಯಾರ್ಥಿಗಳೇ, ಆಕ್ಸೆಸ್ ಕೀಯನ್ನು ಕೋಡಿನೊಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ. ಅಂಥ ಕೀಗಳನ್ನು ಹುಡುಕುವುದಕ್ಕೆಂದೇ ಪ್ರೋಗ್ರಾಂಗಳು ಹಗಲಿರುಳು ಓಡುತ್ತಿರುತ್ತವೆ. ಸಿಕ್ಕವರು ನಿಮ್ಮ ಖಾತೆಯಲ್ಲಿ ಕ್ರಿಪ್ಟೊ ನಾಣ್ಯ ತೆಗೆಯುತ್ತಾರೆ, ಬಿಲ್ ನಿಮ್ಮ ತಂದೆಯ ಹೆಸರಿಗೆ ಬರುತ್ತದೆ. ಹಾಕಿದ್ದರೆ ಫೈಲ್ ಅಳಿಸಿ ಸುಮ್ಮನಾಗಬೇಡಿ, ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಮೊದಲು ಆ ಕೀಯನ್ನೇ ರದ್ದುಮಾಡಿ.

ಕ್ಲೌಡ್ ವಿಷಯ ಓದುತ್ತಿರುವ ಅರ್ಜಿದಾರರು ಈ ವರ್ಷ ಅಂಕಪಟ್ಟಿಯೊಂದಿಗೆ ಒಂದು ಪುಟ ಬರೆದು ಲಗತ್ತಿಸಬೇಕು. ಕನ್ನಡದಲ್ಲಿ ಬರೆದರೂ ಸರಿ. ಲ್ಯಾಬ್‌ನಲ್ಲಿ ಯಾವುದು ಕೆಟ್ಟಿತು, ಏನೇನು ಪರೀಕ್ಷಿಸಿದಿರಿ, ಪರೀಕ್ಷೆಗೆಂದು ತೆರೆದ ಯಾವ ಬಾಗಿಲನ್ನು ಮತ್ತೆ ಮುಚ್ಚಿದಿರಿ ಎಂದು ತಿಳಿಸಿ. ದೋಷ ಕೊನೆಗೂ ಸಿಗಲಿಲ್ಲವಾದರೆ ಹಾಗೆಯೇ ಬರೆಯಿರಿ. ಅಂಥ ಪುಟವನ್ನೂ ಸ್ವೀಕರಿಸುತ್ತೇವೆ.