ಚುನಾವಣೆಗೆ ನಿಲ್ಲುವ ವಿದ್ಯಾರ್ಥಿಗಳೊಡನೆ ಕೆಲವು ಮಾತು

(ಬನಹಟ್ಟಿಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನ ಮಾನವ ಹಕ್ಕುಗಳ ಸಂಘದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಬಯಸುವವರು ನಿಮ್ಮಲ್ಲಿದ್ದಾರೆ. ಓದುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಚುನಾವಣೆಯ ಗೊಡವೆ ಏಕೆಂದು ಕೇಳುವ ಪಾಲಕರೂ ಇದ್ದಾರೆ. ಅವರ ಆತಂಕ ನಿರಾಧಾರವಲ್ಲ. ವಿದ್ಯಾರ್ಥಿ ಚುನಾವಣೆಗಳಲ್ಲಿ ಹಣಬಲ, ತೋಳ್ಬಲಗಳು ಮೆರೆದುದನ್ನು ದೇಶ ಕಂಡಿದೆ. ಆದುದರಿಂದಲೇ ಸುಪ್ರೀಮ್ ಕೋರ್ಟು 2006ರಲ್ಲಿ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಜಾರಿಗೊಳಿಸಲು ಆದೇಶಿಸಿತು. ಅಭ್ಯರ್ಥಿಗೆ ಕನಿಷ್ಠ ಶೇ. 75 ಹಾಜರಾತಿ ಇರಬೇಕು. ಖರ್ಚು 5,000 ರೂಪಾಯಿ ಮೀರಬಾರದು. ಜಾತಿ, ಕೋಮುಗಳ ಹೆಸರಿನಲ್ಲಿ ಮತ ಯಾಚಿಸಬಾರದು. ನಿಮ್ಮ ಸಂಘ ಚಿಕ್ಕದಿರಬಹುದು, ಅಳತೆಗೋಲು ಮಾತ್ರ ಇದೇ ಆಗಿರಲಿ.

ಇನ್ನು ಅಭ್ಯರ್ಥಿಗಳಿಗೆ ನನ್ನದೊಂದು ಪ್ರಶ್ನೆ: ಗೆದ್ದ ಮೇಲೆ ಏನು ಮಾಡುವಿರಿ? ವಿಶ್ವಸಂಸ್ಥೆ 1948ರಲ್ಲಿ ಮಾನವ ಹಕ್ಕುಗಳ ಘೋಷಣೆ ಹೊರಡಿಸಿದ ಡಿಸೆಂಬರ್ 10ರಂದು ವರ್ಷಕ್ಕೊಮ್ಮೆ ಭಾಷಣ ಏರ್ಪಡಿಸಿ ಸುಮ್ಮನಾಗುವಿರಾ?

ಈ ಊರು ಮಗ್ಗದ ಊರು. ಇಲ್ಲಿಯ ನೇಕಾರನೊಬ್ಬನನ್ನು ಪೊಲೀಸರು ವಿನಾಕಾರಣ ಹಿಡಿದು ಥಳಿಸಿದರೆಂದು ಭಾವಿಸೋಣ. ದೂರು ಬರೆಯಲು ಆತನಿಗೆ ಬಾರದು. ಯಾರಲ್ಲಿ ಹೇಳಬೇಕೆಂಬುದೂ ತಿಳಿಯದು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆತನಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗದ ಬಾಗಿಲು ತೆರೆದಿದೆ. ದೂರಿಗೆ ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು, ನೊಂದವನ ಪರವಾಗಿ ಬೇರೊಬ್ಬರೂ ಸಲ್ಲಿಸಬಹುದು. ಆದರೆ ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದರ ವಿಚಾರಣೆ ನಡೆಸುವಂತಿಲ್ಲ. ಎಷ್ಟೋ ಬಡವರ ನ್ಯಾಯ ಹೀಗೆ ಹೆದರಿಕೆಯಲ್ಲಿ, ಅಜ್ಞಾನದಲ್ಲಿ, ಹಿಂಜರಿಕೆಯಲ್ಲಿ ಕಳೆದುಹೋಗುತ್ತದೆ. ಆ ವರ್ಷ ಕಳೆಯುವ ಮೊದಲು ಆತನ ಮನೆಯ ಕದ ತಟ್ಟುವವನೇ ನಿಜವಾದ ಅಧ್ಯಕ್ಷ.

'ನಮ್ಮವನು' ಎಂದು ಯಾರಲ್ಲೂ ಮತ ಕೇಳಬೇಡಿ. ನಮ್ಮವನಿಗೆ ಪೆಟ್ಟು ಬಿದ್ದಾಗ ಕೂಗುವುದಕ್ಕೆ ಸಂಘವೇ ಬೇಕಿಲ್ಲ. ನಿಮ್ಮ ವಿರುದ್ಧ ಮತ ಹಾಕಿದವನಿಗೆ ಅನ್ಯಾಯವಾದಾಗ, ಅನ್ಯಾಯ ಮಾಡಿದವನು ನಮ್ಮವನೇ ಆಗಿದ್ದಾಗ, ನೀವು ಎತ್ತ ನಿಲ್ಲುವಿರೆಂಬುದೇ ಪರೀಕ್ಷೆ. ಅದರಲ್ಲಿ ಉತ್ತೀರ್ಣರಾದರೆ ಮಾತ್ರ ನಾಳೆ ನಮ್ಮವರ ಪರವಾಗಿ ನೀವಾಡುವ ಮಾತಿಗೆ ಊರಿನಲ್ಲಿ ಬೆಲೆ ಬಂದೀತು.

ಪಾಲಕರೇ, ಇಂತಹ ಚುನಾವಣೆಗೆ ನಿಮ್ಮ ಮಗನೋ ಮಗಳೋ ನಿಲ್ಲುವೆನೆಂದರೆ ತಡೆಯಬೇಡಿ. ಸೋತರೂ ಅವರು ಒಂದು ಅರ್ಜಿ ಬರೆಯುವುದನ್ನು ಕಲಿತಿರುತ್ತಾರೆ. ಅದರ ಅಗತ್ಯವಿರುವ ಮನೆ ನಮ್ಮ ಓಣಿಯಲ್ಲೇ ಇರಬಹುದು.