ಸುತ್ತಲೂ ನೋಡುವ ಚಿತ್ರ



ದೇವದುರ್ಗ, ಮಾನ್ವಿಯಿಂದ ಬಂದ ನೀವು ರಾಯಚೂರು ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಕಂಡಿರಬಹುದು. ಗುಡ್ಡ ಹತ್ತಿ ಬಾಲಾ ಹಿಸಾರಿನಲ್ಲಿ ನಿಂತವರು ಎಷ್ಟು ಮಂದಿ? ಕಾಲಿನ ತೊಂದರೆಯಿರುವ ನನ್ನ ವಿದ್ಯಾರ್ಥಿನಿಯೊಬ್ಬಳು, "ಸರ್, ಮೇಲಿನಿಂದ ಏನು ಕಾಣುತ್ತದೆ?" ಎಂದು ಕೇಳಿದಳು. ಸಾಧಾರಣ ಫೋಟೋ ಒಂದು ದಿಕ್ಕನ್ನಷ್ಟೇ ತೋರಿಸುತ್ತದೆ. ಅವಳಿಗೆ ಬೇಕಾಗಿದ್ದುದು ನಾಲ್ಕೂ ಕಡೆ ತಿರುಗಿ ನೋಡುವ ಚಿತ್ರ, ಅಂದರೆ 360 ಡಿಗ್ರಿ ಪನೋರಮಾ.

1787ರಲ್ಲೇ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ, ನೋಡುವವನನ್ನು ನಡುವೆ ನಿಲ್ಲಿಸುವ ವೃತ್ತಾಕಾರದ ಚಿತ್ರಕ್ಕೆ ಪೇಟೆಂಟ್ ಪಡೆದಿದ್ದ. ಇಂದು ಮೊಬೈಲೇ ಸಾಕು. ನಿಂತಲ್ಲೇ ತಿರುಗುತ್ತ ಹಲವು ಫೋಟೋ ತೆಗೆಯಿರಿ. ಪ್ರತಿಯೊಂದರಲ್ಲೂ ಹಿಂದಿನ ಫೋಟೋದ ಮೂರನೇ ಒಂದು ಭಾಗವಾದರೂ ಬರಲಿ. ಆಕಾಶವನ್ನೂ ನೆಲವನ್ನೂ ಬಿಡಬೇಡಿ. ಎರಡರಲ್ಲೂ ಇರುವ ಗುರುತುಗಳನ್ನು ಹುಡುಕಿ ಸಾಫ್ಟ್‌ವೇರ್ ಹೊಲಿಗೆ ಹಾಕುತ್ತದೆ. ಹುಗಿನ್ ಎಂಬುದು ಉಚಿತವಾಗಿಯೇ ಸಿಗುತ್ತದೆ.

ನಾನು ಎಡವಿದ್ದು ಏಕ್ ಮಿನಾರ್ ಮಸೀದಿಯ ಅಂಗಳದಲ್ಲಿ. 1513ರ ಆ ಮಿನಾರ್ ಸುಮಾರು 65 ಅಡಿ ಎತ್ತರ. ಅದರ ಬುಡದಲ್ಲೇ ನಿಂತು ತೆಗೆದ ನನ್ನ ಚಿತ್ರದಲ್ಲಿ ಮಿನಾರ್ ನಡುವೆ ಮುರಿದಿತ್ತು! ಕೈ ಚಾಚಿ ಮೊಬೈಲ್ ಹಿಡಿದು ನಾನು ತಿರುಗಿದ್ದೆ, ಲೆನ್ಸಿನ ಜಾಗವೇ ಬದಲಾಗಿತ್ತು. ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಸರಿದಂತೆ ಕಾಣುತ್ತದೆ. ಹತ್ತಿರದ ವಸ್ತುಗಳೆಲ್ಲ ಹೀಗೆಯೇ. ಆದ್ದರಿಂದ ಲೆನ್ಸು ಬಂಡಿಯ ಅಚ್ಚಿನಂತೆ ಒಂದೇ ಕಡೆ ಇರಬೇಕು, ನಾವು ಅದರ ಸುತ್ತ ತಿರುಗಬೇಕು.

ಗುಡ್ಡದ ಮೇಲೆ ಹಾಗೆಯೇ ಮಾಡಿದೆ. ಚಿತ್ರ ಸಿಕ್ಕಾಗ ಆ ಹುಡುಗಿ ಮೊದಲು ಊರನ್ನು ನೋಡಲಿಲ್ಲ, ತೋಪನ್ನೂ ನೋಡಲಿಲ್ಲ. ನೆಲದ ಕಡೆ ತಿರುಗಿಸಿ, "ಸರ್, ಇದರಲ್ಲಿ ನೀವೆಲ್ಲಿ?" ಎಂದಳು.